ಆರ್ಮೋನಿ ಬಸ್ಸಿನ ಮಳೆಗಾಲ

ಹೊಗೆಸೊಪ್ಪು ಬೇಯುವ ವಾಸನೆ ಎಂಥದ್ದು ಅಂತ ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ಸ್ವಲ್ಪ ಬೆಲ್ಲದ ಪಾಕ, ಸ್ವಲ್ಪ ಸೌದೆ ಹೊಗೆ, ಸ್ವಲ್ಪ ಒದ್ದೆ ಗೋಣಿಚೀಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಆಷಾಢ ಶ್ರಾವಣದಲ್ಲಿ ಊರೂರಿನ ಸೊಪ್ಪು ಬೇಯಿಸುವ ಬ್ಯಾರನ್ ಮನೆಗಳಿಂದ ಇದು ಎದ್ದು ಬಂದು ಬಟ್ಟೆಗೆ, ಕೂದಲಿಗೆ, ಊಟದ ಡಬ್ಬಿಗೆ ಅಂಟಿಕೊಳ್ಳುತ್ತದೆ. ಮದುವೆಯಾಗಿ ಭೇರ್ಯಕ್ಕೆ ಬಂದ ಮೇಲೆ, ಭತ್ತ ಕಬ್ಬಿನ ನಡುವೆ, ನಾನು ಈ ವಾಸನೆಯಿಂದ ತಪ್ಪಿಸಿಕೊಂಡೆ ಅಂದುಕೊಂಡಿದ್ದೆ. ಹೋದ ಶ್ರಾವಣದಲ್ಲಿ ಚಿಕ್ಕಮ್ಮನ ಮಗಳ ಮಗುವಿಗೆ ಹೆಸರಿಡುವ ಶಾಸ್ತ್ರಕ್ಕೆಂದು ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ಜಿಟಿಜಿಟಿ ಮಳೆ. ಗಾಳಿ ಒಂದು ಸಲ ಇತ್ತ ತಿರುಗಿತು, ವಾಸನೆ ಬಂತು. ಎಂಟು ವರ್ಷದಿಂದ ಈ ಊರಿಗೆ ಬರಲು ಯಾಕೆ ಒಂದಲ್ಲ ಒಂದು ನೆಪ ಹೇಳುತ್ತಿದ್ದೆ ಎಂಬುದನ್ನು ಯಾರೂ ನನಗೆ ನೆನಪಿಸಬೇಕಾಗಿರಲಿಲ್ಲ.

ನನಗಾಗ ಇಪ್ಪತ್ತನಾಲ್ಕು. ಬಿಳಿಕೆರೆ ಹತ್ತಿರದ ಹಳ್ಳಿ ನಮ್ಮದು. ಹೆದ್ದಾರಿ ಪಕ್ಕದ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿದ ಬಟ್ಟೆಯ ದಾರ ಕತ್ತರಿಸುವ ಕೆಲಸಕ್ಕೆ ಸೇರಿದ್ದೆ. ಆ ವರ್ಷ ಮುಂಗಾರಿಗೆ ಮುಂಚೆ ಫ್ಯಾಕ್ಟರಿಯವರು ಕೆಲಸದವರನ್ನು ಕರೆತರಲು ಎಲ್ಲೋ ದೊಡ್ಡ ಊರಿನಲ್ಲಿ ಓಡಿ ಸವೆದಿದ್ದ ಒಂದು ಬಸ್ಸು ತಂದರು. ಎರಡು ಬಸ್ಸನ್ನು ಒಂದರ ಹಿಂದೆ ಒಂದು ನಿಲ್ಲಿಸಿ ನಡುವೆ ಹೊಲಿದಂಥ ಬಸ್ಸು. ಹೊಲಿಗೆ ಬಿದ್ದ ಕಡೆ ಕಪ್ಪು ರಬ್ಬರಿನ ಮಡಿಕೆಗಳು. ತಿರುವಿನಲ್ಲಿ ಒಂದು ಮಗ್ಗುಲ ಮಡಿಕೆ ಬಿಚ್ಚಿಕೊಂಡರೆ ಇನ್ನೊಂದು ಮಗ್ಗುಲದ್ದು ಮುಚ್ಚಿಕೊಳ್ಳುತ್ತಿತ್ತು. ನಾಟಕದ ಹುಚ್ಚಿನ ನಮ್ಮ ಕಡೆಯವರಿಗೆ ಅದನ್ನು ನೋಡಿದ ತಕ್ಷಣ ಹಾರ್ಮೋನಿಯಂ ನೆನಪಾಗದೆ ಇರುತ್ತದೆಯೇ? ಒಂದು ವಾರದಲ್ಲಿ ಬಿಳಿಕೆರೆಯಿಂದ ಹುಣಸೂರಿನವರೆಗೆ ಎಲ್ಲರ ಬಾಯಲ್ಲೂ ಅದು ಆರ್ಮೋನಿ ಬಸ್ಸು ಆಯಿತು.

ಹೆದ್ದಾರಿಯಲ್ಲಿ ಅದು ಸಾಧು ಪ್ರಾಣಿ. ತೊಂದರೆಯೆಲ್ಲ ಹುಣಸೂರಿನ ಪೇಟೆ ಬೀದಿಗಳಲ್ಲಿ. ಎಡಕ್ಕೆ ತಿರುಗಬೇಕಾದರೆ ಮುಂಭಾಗ ಮೊದಲು ಬಲಕ್ಕೆ ಅಗಲವಾಗಿ ಹೋಗಿ ಆಮೇಲೆ ಎಡಕ್ಕೆ ಬಾಗುತ್ತಿತ್ತು. ಹಿಂಭಾಗ ಅದರ ದಾರಿ ಹಿಡಿಯುತ್ತಿರಲಿಲ್ಲ, ಹತ್ತಿರದ ದಾರಿ ನೋಡಿಕೊಂಡು ಮೂಲೆಯನ್ನು ಸವರಿಕೊಂಡೇ ಬರುತ್ತಿತ್ತು. ಸೈಕಲ್ಲಿನವರು ಏನು ಮಾಡುತ್ತಾರೆ? ಮುಂಭಾಗ ಬಲಕ್ಕೆ ಸರಿದಾಗ ಎಡಗಡೆ ಜಾಗ ಕಾಣುತ್ತದೆ, ನುಗ್ಗುತ್ತಾರೆ. ಅರ್ಧ ದಾಟುವಷ್ಟರಲ್ಲಿ ಆ ಜಾಗ ಇರುವುದಿಲ್ಲ. ಒಂದು ಕಡೆ ಬಸ್ಸಿನ ತಗಡು, ಇನ್ನೊಂದು ಕಡೆ ಚರಂಡಿ ಕಲ್ಲು. ಮೊದಲ ವಾರವೇ ಒಬ್ಬರ ಹಾಲಿನ ಕ್ಯಾನು ಜಜ್ಜಿಹೋಗಿತ್ತು.

ಹಾಗಾಗಿ ಡ್ರೈವರ್ ನಂಜುಂಡಣ್ಣ ಒಂದು ಪದ್ಧತಿ ಮಾಡಿದರು. ಹಿಂದಿನ ಬಾಗಿಲಲ್ಲಿ ಒಬ್ಬರು ಇರಬೇಕು. ಪೇಟೆಯ ತಿರುವು ಬಂದಾಗ ಬಸ್ಸು ನಿಲ್ಲುತ್ತದೆ. ಆ ಒಬ್ಬರು ಕೆಳಗಿಳಿದು, ಪೀಪಿ ಊದಿ, ಕೆಂಪು ಬಟ್ಟೆ ಅಡ್ಡ ಹಿಡಿದು ಸೈಕಲ್ಲುಗಳನ್ನು ನಿಲ್ಲಿಸಬೇಕು. ಎಡಗಡೆ ಖಾಲಿ ಇದೆ ಅಂತ ಕಣ್ಣಾರೆ ನೋಡಿ, ಬಾಗಿಲ ಬುಡದ ಬೆಲ್ ಗುಂಡಿ ಎರಡು ಸಲ ಒತ್ತಬೇಕು. ಬೆಲ್ ಆದರೆ ಮಾತ್ರ ನಂಜುಂಡಣ್ಣ ಸ್ಟೀರಿಂಗ್ ತಿರುಗಿಸುವುದು. "ನನ್ನ ಎರಡು ಕಣ್ಣು ಮುಂದಕ್ಕೆ ಸಾಕು ಕಣವ್ವ, ಇಂದಲ ಕಣ್ಣು ನೀನು" ಅಂದರು. ಇದ್ದ ಹುಡುಗಿಯರಲ್ಲಿ ನನ್ನ ಗಂಟಲೇ ದೊಡ್ಡದು ಅಂತ ಸೂಪರ್‌ವೈಸರು ನನ್ನನ್ನು ಆ ಕೆಲಸಕ್ಕೆ ಹಾಕಿದರು. ಬೆಳಿಗ್ಗೆ ಸಂಜೆ ಬಸ್ಸು, ನಡುವೆ ದಾರ ಕತ್ತರಿಸುವುದು.

ಮೊದಲ ತಿಂಗಳು ನನಗೆ ಕೋಡು ಬಂದಿತ್ತು ಅಂತಲೇ ಹೇಳಬೇಕು. ನಾನು ಕೈ ಎತ್ತಿದರೆ ಇಡೀ ಬೀದಿ ನಿಲ್ಲುತ್ತಿತ್ತು. ಆದರೆ ಟೀ ಅಂಗಡಿಯ ಮುಂದೆ ಕೂರುವವರು ಬಿಡುತ್ತಾರೆಯೇ? ನನಗೆ ಪೀಪಿ ಪಾರು ಅಂತ ಹೆಸರಿಟ್ಟರು. ಪಾರ್ವತಿ ಅಂತ ಅಜ್ಜಿ ಆಸೆಪಟ್ಟು ಇಟ್ಟ ಹೆಸರು ಅಷ್ಟಕ್ಕೆ ಇಳಿಯಿತು. ಎಮ್ಮೆ ಹೊಡೆಯುವವಳ ಹಾಗೆ ಬಸ್ಸಿನ ಹಿಂದೆ ಹೋಗುತ್ತಾಳೆ ಅಂತ ನಕ್ಕರು. ನಾನೂ ಒಂದೆರಡು ಸಲ ಬೈದೆ, ಆಮೇಲೆ ಕಿವಿಗೆ ಹಾಕಿಕೊಳ್ಳಲಿಲ್ಲ. ನಕ್ಕರೂ ನಿಲ್ಲುವುದಂತೂ ನಿಲ್ಲುತ್ತಿದ್ದರು. ಹುಣಸೂರಿನ ಸೈಕಲ್ಲಿನವರಿಗೆ ಒಂದು ಲೆಕ್ಕ ಕೂತುಬಿಟ್ಟಿತ್ತು. ಆ ಬಸ್ಸಿನ ದೀಪ ಸರಿಯಿಲ್ಲ, ಕೆಸರು ಮೆತ್ತಿಕೊಂಡು ಯಾವುದು ಮಿನುಗುತ್ತದೆ ಗೊತ್ತಾಗುವುದಿಲ್ಲ. ಪೀಪಿ ಪಾರು ಇಳಿದಳೋ, ಬಸ್ಸು ತಿರುಗುತ್ತದೆ, ನಿಲ್ಲು. ಇಳಿಯಲಿಲ್ಲವೋ, ಬಸ್ಸು ನೇರ ಹೋಗುತ್ತದೆ, ನೀನೂ ಹೋಗು. ಈ ಲೆಕ್ಕ ಕಲಿಸಿದವಳು ನಾನೇ.

ಅವರಲ್ಲಿ ಎಲ್ಲರಿಗಿಂತ ಮೊದಲು ನಿಲ್ಲುತ್ತಿದ್ದವರು ಸಾಣೆ ಮಾದೇವಣ್ಣ. ಕೋಟೆ ರಸ್ತೆಯ ಒಂದು ಹಳ್ಳಿಯವರು. ಐವತ್ತು ದಾಟಿತ್ತು. ಸೈಕಲ್ಲಿನ ಕ್ಯಾರಿಯರಿಗೆ ಸಾಣೆಕಲ್ಲು ಕಟ್ಟಿ, ಹಿಂದಿನ ಚಕ್ರದಿಂದ ಅದಕ್ಕೆ ಪಟ್ಟಿ ಕೊಟ್ಟಿದ್ದರು. ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಹಿಂದುಮುಂದಾಗಿ ಕೂತು ಪೆಡಲ್ ತುಳಿದರೆ ಕಲ್ಲು ತಿರುಗುತ್ತಿತ್ತು. ಕುಡುಗೋಲು, ಈಳಿಗೆಮಣೆ, ಮಟನ್ ಅಂಗಡಿಯ ಮಚ್ಚು, ಎಲ್ಲಕ್ಕೂ ಅವರೇ. ಗುರುವಾರ ನಮ್ಮ ಗೇಟಿನ ಹತ್ತಿರ ಬಂದು ನಮ್ಮ ಕತ್ತರಿಗಳಿಗೆ ಸಾಣೆ ಹಿಡಿದು ಕೊಡುತ್ತಿದ್ದರು. ಕತ್ತರಿಯನ್ನು ಕಿವಿ ಹತ್ತಿರ ಹಿಡಿದು ಒಂದು ಸಲ ಕಚಕ್ ಅನ್ನಿಸಿ, ಸದ್ದು ಕೇಳಿಯೇ ಹದ ಹೇಳುತ್ತಿದ್ದರು.

ಮಾದೇವಣ್ಣನಿಗೆ ಒಂದು ಜಂಬ ಇತ್ತು. ನಮ್ಮ ಕಡೆ ಏರು ಬಂದರೆ ಸೈಕಲ್ಲಿನವರು ಹೋಗುವ ಟ್ರಾಕ್ಟರಿನ, ಲಾರಿಯ ಹಿಂದೆ ಒಂದು ಕೈಯಲ್ಲಿ ಹಿಡಿದು ಎಳೆಸಿಕೊಂಡು ಹೋಗುವುದು ಮಾಮೂಲು. ಎಂಟಾಳು ತೂಕದ ಹೊರೆ ಇರುವವರೂ ಹಾಗೇ ಮಾಡುತ್ತಾರೆ. ಮಾದೇವಣ್ಣ ಮಾತ್ರ ಯಾವತ್ತೂ ಹಿಡಿದವರಲ್ಲ. ಸಾಣೆಕಲ್ಲಿನ ಭಾರ ಹೊತ್ತುಕೊಂಡೂ ಏರನ್ನು ತುಳಿದೇ ಹತ್ತುತ್ತಿದ್ದರು.

"ಅದ್ಯಾಕೆ ಮಾದೇವಣ್ಣ, ಒಂದ್ ಕೈ ಹಿಡ್ಕಂಡ್ರೆ ಏನಾಯ್ತದೆ?" ಅಂತ ನಾನೇ ಒಂದು ಗುರುವಾರ ಕೇಳಿದ್ದೆ.

"ಇಡ್ಕಳಾಕೆ ನಾನೇನು ಬಳ್ಳಿಯಾ? ನನ್ ಕಾಲೇ ನನ್ ಇಂಜಿನ್ನು ಕಣಮ್ಮಿ. ಇನ್ನೊಬ್ಬರ ಬಂಡಿ ಇಡ್ಕಂಡು ಓದೋನು ಅಂತ ಯಾರೂ ಅನ್ಕೂಡ್ದು" ಅಂದರು.

ಪೇಟೆಯ ತಿರುವಿನಲ್ಲಿ ನಾನು ಪೀಪಿ ಊದಿದರೆ ಅವರು ಒಂದು ಕಾಲು ನೆಲಕ್ಕೆ ಊರಿ, "ಅಪ್ಪಣೆ ಅಮ್ಮಾವ್ರೆ" ಅಂತ ಹಣೆಗೆ ಕೈ ಇಟ್ಟು ಸಲಾಮು ಹೊಡೆಯುತ್ತಿದ್ದರು. ಅವರ ಅಣಕ ನನಗೆ ಹಿಡಿಸುತ್ತಿತ್ತು. ಅದರಲ್ಲಿ ಮರ್ಯಾದೆಯೂ ಇತ್ತು.

ಶ್ರಾವಣ ಹುಟ್ಟಿತು. ಹೊಗೆಸೊಪ್ಪು ಮುರಿಯುವ ಕೆಲಸ ಜೋರಾಯಿತು. ಬಸ್ಸಿನ ತುಂಬ ಆ ವಾಸನೆ. ಆಗಲೇ ನನ್ನನ್ನು ನೋಡಲು ಒಂದು ಗಂಡಿನ ಕಡೆಯವರು ಬಂದರು. ಹುಣಸೂರಿನ ಪೇಟೆಯಲ್ಲಿ ಜವಳಿ ಅಂಗಡಿ, ಮೇಲೆ ಮನೆ. ಒಳ್ಳೆ ಜನ. ಹುಡುಗ ತಲೆ ತಗ್ಗಿಸಿ ಕೂತು ಉಪ್ಪಿಟ್ಟು ತಿಂದ. ಅವನ ತಾಯಿ, "ಫ್ಯಾಕ್ಟರೀಲಿ ಏನು ಕೆಲಸ ಮಗಾ?" ಅಂತ ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಅಮ್ಮ, "ಆಫೀಸ್ನಲ್ಲಿ ಅವ್ಳೆ" ಅಂದುಬಿಟ್ಟಳು. ನಾನು ಅಲ್ಲ ಅನ್ನಲಿಲ್ಲ. ಅಮ್ಮನ ಮೇಲೆ ಹಾಕುವುದು ಸುಲಭ. ಸುಮ್ಮನೆ ಕೂತವಳು ನಾನು. ಅವರು ಹೋದ ಮೇಲೆ ಗೊತ್ತಾಯಿತು, ಅವರ ಅಂಗಡಿ ಇರುವುದು ನಾನು ದಿನಾ ಇಳಿಯುವ ತಿರುವಿನ ಮೂಲೆಯಲ್ಲೇ. ಇಷ್ಟು ದಿನ ಅವರು ನನ್ನನ್ನು ಗಮನಿಸಿರಲಿಲ್ಲ, ಅಥವಾ ತಲೆಗೆ ಕಟ್ಟಿದ ಟವೆಲಿನಲ್ಲಿ ಗುರುತು ಸಿಕ್ಕಿರಲಿಲ್ಲ.

ಆ ಸೋಮವಾರ ಆ ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಇಳಿದೆ. ಮಂಗಳವಾರವೂ ಹಾಗೇ ಮಾಡಿದೆ. ಬುಧವಾರ ಸಂಜೆ ಮಳೆ ಹೊಯ್ಯುತ್ತಿತ್ತು. ಬಸ್ಸಿನ ತುಂಬ ಕೆಲಸ ಮುಗಿಸಿದ ಹೆಂಗಸರು, ಕಿಟಕಿಗಳೆಲ್ಲ ಮುಚ್ಚಿ ಒಳಗೆ ಬೆವರಿನ ಹಬೆ. ತಿರುವಿನಲ್ಲಿ ಬಸ್ಸು ನಿಂತಿತು. ಬಾಗಿಲ ಸಂದಿಯಿಂದ ನೋಡಿದರೆ ಆ ತಾಯಿ ಅಂಗಡಿ ಮೆಟ್ಟಿಲ ಮೇಲೇ ನಿಂತಿದ್ದಾರೆ, ಪಕ್ಕದಲ್ಲಿ ಹುಡುಗ. ಇಬ್ಬರೂ ರಸ್ತೆಯನ್ನೇ ನೋಡುತ್ತಿದ್ದರು. ನಾನು ಪೀಪಿ ಬಾಯಿಗೆ ಕಚ್ಚಿ, ಕೆಂಪು ಬಟ್ಟೆ ಬೀಸುತ್ತಾ, ಸೀರೆ ಎತ್ತಿ ಕಟ್ಟಿಕೊಂಡು ಕೆಸರಿನಲ್ಲಿ ಇಳಿಯಬೇಕು. ಟೀ ಅಂಗಡಿಯವರು ಪೀಪಿ ಪಾರು ಅಂತ ಕೂಗಬೇಕು. ಅದನ್ನು ಅವರು ಕೇಳಬೇಕು.

ನಾನು ಇಳಿಯಲಿಲ್ಲ. ಒಳಗಿನಿಂದಲೇ ಬಗ್ಗಿ ಬೆಲ್ ಗುಂಡಿ ಎರಡು ಸಲ ಒತ್ತಿದೆ.

ಎಡಗಡೆ ನೋಡಲೂ ಇಲ್ಲ. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಮಳೆಯಿಂದ ಇಳಿಯಲಿಲ್ಲ, ಜ್ವರವಿತ್ತು, ಕಾಲು ಉಳುಕಿತ್ತು ಅಂತ ಬರೆದುಬಿಡೋಣ ಅನ್ನಿಸುತ್ತದೆ. ಅದ್ಯಾವುದೂ ಇರಲಿಲ್ಲ. ಜವಳಿ ಅಂಗಡಿಯವರ ಕಣ್ಣಿಗೆ ನಾನು ಆಫೀಸಿನವಳಾಗಿ ಉಳಿಯಬೇಕಿತ್ತು, ಅಷ್ಟೇ.

ಬಸ್ಸು ಬಲಕ್ಕೆ ಸರಿದು ಎಡಕ್ಕೆ ಬಾಗಿತು. ರಬ್ಬರಿನ ಮಡಿಕೆ ಮುಚ್ಚಿಕೊಂಡಿತು. ಆಗ ತಗಡಿಗೆ ಏನೋ ಉಜ್ಜಿದ ಸದ್ದು, ಅದರ ಹಿಂದೆಯೇ ಒಂದು ಕೂಗು. ಕಲ್ಲು ಒಡೆದ ಸದ್ದೂ ಬಂತು. ಆಮೇಲೆ ಗೊತ್ತಾಯಿತು ಅದು ಸಾಣೆಕಲ್ಲು. ನಾನು ಒಂದೇ ಸಮ ಬೆಲ್ ಒತ್ತಿ, ಬಸ್ಸು ನಿಲ್ಲುವುದರೊಳಗೆ ಕೆಳಗೆ ಹಾರಿದೆ. ಹಿಂದಿನ ಚಕ್ರಕ್ಕೂ ಚರಂಡಿ ಚಪ್ಪಡಿಗೂ ನಡುವೆ ಮಾದೇವಣ್ಣ. ಸೈಕಲ್ಲು ಮಡಿಚಿಹೋಗಿತ್ತು. ಎಡಗಾಲಿನ ಪಾದ ನೋಡುವ ಹಾಗಿರಲಿಲ್ಲ. ತಲೆ ಚಪ್ಪಡಿಗೆ ಬಡಿದು ಕಣ್ಣು ಮುಚ್ಚಿತ್ತು. ಕೆಂಪು ಬಟ್ಟೆಯಿಂದಲೇ ಕಾಲು ಕಟ್ಟಿದೆ, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೆಸರಿನಲ್ಲಿ ಕೂತೆ. ಮಳೆ ಬೀಳುವುದು ನಿಂತಿತು ಅನ್ನಿಸಿ ತಲೆ ಎತ್ತಿದರೆ, ಜವಳಿ ಅಂಗಡಿಯ ಆ ತಾಯಿ ನನ್ನ ಮೇಲೆ ಛತ್ರಿ ಹಿಡಿದು ನಿಂತಿದ್ದರು.

ಮಾದೇವಣ್ಣ ಯಾಕೆ ಆ ಜಾಗಕ್ಕೆ ನುಗ್ಗಿದರು ಎಂಬುದು ನನಗೆ ಅಲ್ಲಿ ಕೂತಾಗಲೇ ಹೊಳೆಯಿತು. ನಾನು ಇಳಿಯದ್ದನ್ನು ನೋಡಿಯೇ ಬಂದಿದ್ದರು. ಪಾರು ಇಳಿಯಲಿಲ್ಲ, ಬಸ್ಸು ನೇರ ಹೋಗುತ್ತದೆ ಅಂತ ನನ್ನ ಲೆಕ್ಕವನ್ನು ನಂಬಿ ಬಂದಿದ್ದರು.

ಆಟೋದಲ್ಲಿ ಅವರನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ನಂಜುಂಡಣ್ಣ ನನ್ನ ಹತ್ತಿರ ಬಂದರು. "ನೀನು ಇಳ್ದಿದ್ದೆ ಅಲ್ವೇನವ್ವ? ಇಳ್ದು ನೋಡೇ ತಾನೇ ಬೆಲ್ ಮಾಡಿದ್ದು?" ಅಂದರು. ಅವರಿಗೆ ಮೂರು ಹೆಣ್ಣುಮಕ್ಕಳು. ನನ್ನ ಪಕ್ಕದಲ್ಲಿ ದಾರ ಕತ್ತರಿಸುತ್ತಿದ್ದ ಜಯಮ್ಮ ನಾನು ಉತ್ತರ ಕೊಡುವ ಮುಂಚೆ ನನ್ನ ರಟ್ಟೆ ಹಿಡಿದು ಕಿವಿಯಲ್ಲಿ, "ಇಳ್ದಿದ್ದೆ ಅನ್ನಮ್ಮಿ. ನಾವೂ ನೋಡ್ದೋ ಅಂತೀವಿ. ಮದ್ವೆ ಆಗೋ ಎಣ್ಣು ನೀನು" ಅಂದಳು. ಜಯಮ್ಮ ಕೆಟ್ಟವಳಲ್ಲ. ಬಸ್ಸು ನಿಂತುಹೋದರೆ ಅಷ್ಟು ಹೆಂಗಸರ ಕೆಲಸವೂ ನಿಲ್ಲುತ್ತಿತ್ತು. ಅವಳು ಹೇಳಿದ್ದು ಇಳಿದಿದ್ದೆ ಅನ್ನು ಅಂತ ಮಾತ್ರ. ಮಿಕ್ಕದ್ದನ್ನು ಸೇರಿಸಿದವಳು ನಾನು.

ಪೊಲೀಸ್ ಸ್ಟೇಷನ್ನಿನವರು ಬಂದು, "ಇಳಿದು ನೋಡಿದ್ದೆ ಅಂತೀಯ, ಹಂಗಾದ್ರೆ ಅವರು ಎಲ್ಲಿಂದ ಬಂದ್ರಮ್ಮ?" ಅಂತ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನನಗೆ ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಇದು: "ಬೆಲ್ ಆದ್ಮೇಲೆ ಬಂದು ಇಂದ್ಗಡೆ ಬಾಗಿಲ ಕಂಬಿ ಇಡ್ಕಂಡ್ರು ಸಾರ್. ನಾನು ಬುಡಿ ಬುಡಿ ಅಂದೆ, ಬುಡ್ನಿಲ್ಲ."

ಪ್ರಪಂಚದಲ್ಲಿ ಇದ್ದ ಅಷ್ಟು ಸುಳ್ಳಿನಲ್ಲಿ ನನಗೆ ಇದೇ ಸಿಗಬೇಕಿತ್ತೇ? ಯಾವತ್ತೂ ಹಿಡಿಯದವರನ್ನು ಹಿಡಿದರು ಅಂದೆ. ಅವರು ಬರೆದುಕೊಂಡರು. ಸುತ್ತ ನಿಂತಿದ್ದವರಲ್ಲಿ ಒಬ್ಬರು, "ಸಾಣೆ ಮಾದೇವ ಇಡಿಯೋ ಪೈಕಿ ಅಲ್ವಲ್ಲ" ಅಂದರು. ಇನ್ನೊಬ್ಬರು, "ವಯಸ್ಸಾಯ್ತು, ಮಳೆ ಬೇರೆ, ಇಡ್ದಿರ್ತಾನೆ ಬುಡು" ಅಂದರು. ಅಷ್ಟರಲ್ಲಿ ಅದು ನಿಜವಾಯಿತು.

ಎರಡು ವಾರ ಬಿಟ್ಟು ನಾನೂ ಜಯಮ್ಮನೂ ಮೈಸೂರಿನ ಆಸ್ಪತ್ರೆಗೆ ಹೋದೆವು. ಹೋಗದಿದ್ದರೆ ಅನುಮಾನ ಬರುತ್ತದೆ ಅಂತ ಹೋದೆ. ಪಾದದ ಮುಂಭಾಗವನ್ನು ತೆಗೆದಿದ್ದರು. ಬಟ್ಟೆ ಸುತ್ತಿದ ಕಾಲನ್ನು ದಿಂಬಿನ ಮೇಲೆ ಎತ್ತಿ ಇಟ್ಟಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಚಿಕ್ಕತಾಯಮ್ಮ ಕಿತ್ತಳೆ ಸುಲಿಯುತ್ತಾ ಕೂತಿದ್ದರು. ನನ್ನನ್ನು ನೋಡಿ ಎದ್ದು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ರಕ್ತ ಹೋಗದ ಹಾಗೆ ಕಾಲು ಕಟ್ಟಿದವಳು ನಾನು, ಅವರಿಗೆ ಗೊತ್ತಿದ್ದದ್ದು ಅಷ್ಟು.

ಮಾದೇವಣ್ಣ ಕೇಳಿದರು, "ಏನಾಯ್ತು ಯೋಳು ಕೂಸೇ. ನಂಗೆ ಒಂದೂ ನೆಪ್ಪಿಲ್ಲ. ಮಟನ್ ಅಂಗ್ಡಿಯೋನ ಮಚ್ಚು ಕೊಟ್ಟು ಸೈಕಲ್ ಅತ್ತಿದ್ದು ನೆಪ್ಪದೆ. ಆಮೇಕೆ ಇಲ್ಲೇ ಕಣ್ ಬುಟ್ಟಿದ್ದು. ಇಡ್ಕಂಡಿದ್ದೆ ಅಂತವ್ರೆ ಎಲ್ಲಾರೂ. ನೀನು ಅಲ್ಲೇ ಇದ್ದೆ. ಇಡ್ಕಂಡಿದ್ನಾ ನಾನು?"

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಸಿಗುತ್ತಿರಲಿಲ್ಲ. ಅವರು ಊರಿನವರನ್ನು ನಂಬಿರಲಿಲ್ಲ, ನನ್ನ ಮಾತಿಗೆ ಕಾದಿದ್ದರು. ನಾನು ಅವರ ಮುಖ ನೋಡದೆ, ಮಂಚದ ಕಂಬಿ ನೋಡುತ್ತಾ, "ಊಂ ಮಾದೇವಣ್ಣ. ಇಡ್ಕಂಡಿದ್ರಿ" ಅಂದೆ.

"ನಾನಾ?" ಅಂದರು. "ಥೂ" ಅಂತ ತಮಗೆ ತಾವೇ ಅಂದುಕೊಂಡು ಹೆಗಲ ಮೇಲಿದ್ದ ಟವೆಲು ಎಳೆದು ಮುಖ ಮುಚ್ಚಿಕೊಂಡರು. ಕಾಲು ಹೋದದ್ದಕ್ಕೆ ಅವರು ಅಳಲಿಲ್ಲ ಅಂತ ಚಿಕ್ಕತಾಯಮ್ಮ ಆಗಷ್ಟೇ ಹೇಳಿದ್ದರು. ಅವತ್ತು ಆ ಟವೆಲಿನ ಕೆಳಗೆ ಅತ್ತರು. "ಎಷ್ಟ್ ಸಲ ಬಡ್ಕಂಡೆ, ಈ ವಯಸ್ಸಲ್ಲಿ ಸೈಕಲ್ ಬ್ಯಾಡ ಅಂತ. ನಿನ್ ಕಾಲ ನೀನೇ ತಿಂದ್ಕಂಡೆ" ಅಂತ ಚಿಕ್ಕತಾಯಮ್ಮ ಬೈಯಲು ಶುರುಮಾಡಿದರು. ನಾನು ಕಿತ್ತಳೆ ತೊಳೆ ತಿಂದು ಎದ್ದು ಬಂದೆ. ಅದನ್ನು ತಿಂದದ್ದೂ ನೆನಪಿದೆ.

ಇನ್ನೊಂದು ಮಾತು ಹೇಳದಿದ್ದರೆ ಈ ನಾಚಿಕೆ ಪೂರ್ತಿಯಾಗುವುದಿಲ್ಲ. ಜವಳಿ ಅಂಗಡಿಯವರು ಮತ್ತೆ ಬಂದರು. ನನ್ನ ಕೆಲಸ ಏನೆಂದು ಅವರಿಗೆ ಗೊತ್ತಾಗಿತ್ತು, ಅದರಿಂದ ಒಂದಿಷ್ಟೂ ಬೇಸರವಿರಲಿಲ್ಲ. "ರಸ್ತೇಲಿ ಬಿದ್ದೋರ್ನ ತೊಡೆ ಮೇಲೆ ಹಾಕ್ಕೊಂಡು ಕೂತ ಹುಡುಗಿ, ಇಂಥವಳೇ ನಮಗೆ ಬೇಕು" ಅಂದರು ಆ ತಾಯಿ. ಪೀಪಿ ಊದುವುದನ್ನು ಅವರಿಂದ ಮುಚ್ಚಿಡಲು ನಾನು ಒಂದು ಕಾಲು ತೆಗೆದಿದ್ದೆ, ಅವರಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ನಾನು ಬೇಡ ಅಂದೆ. ಆ ಮೂಲೆಯ ಮಹಡಿಯಲ್ಲಿ ದಿನಾ ಬಾಗಿಲು ತೆರೆದು ಆ ಚಪ್ಪಡಿ ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಅಮ್ಮ ಮೂರು ತಿಂಗಳು ನನ್ನ ಹತ್ತಿರ ಮಾತು ಬಿಟ್ಟಳು. ದೀಪಾವಳಿ ಹೊತ್ತಿಗೆ ಬಸ್ಸಿನ ಮಡಿಕೆ ಹರಿದು, ಬದಲಿ ಸಿಗದೆ, ಫ್ಯಾಕ್ಟರಿಯ ಹಿತ್ತಲಿನಲ್ಲಿ ನಿಂತಿತು. ನಾನು ಕೆಲಸ ಬಿಟ್ಟೆ. ನಂಜುಂಡಣ್ಣ ಕೊನೆಯವರೆಗೂ ನನ್ನ ಮುಖ ನೋಡಿ ಮಾತಾಡಲಿಲ್ಲ. ಅವರಿಗೆ ಗೊತ್ತಿತ್ತೋ ಏನೋ, ಕೇಳುವ ಧೈರ್ಯ ನನಗೂ ಇರಲಿಲ್ಲ.

ಆಮೇಲೆ ಭೇರ್ಯ, ಮದುವೆ, ಹೊಲಿಗೆ ಅಂಗಡಿ. ನನ್ನ ಗಂಡನಿಗೆ ನಾನು ಬಸ್ಸಿನ ಹಿಂದೆ ಪೀಪಿ ಊದುತ್ತಿದ್ದದ್ದು ಗೊತ್ತು, ಅದು ಅವನಿಗೆ ತಮಾಷೆ. ಇದು ಗೊತ್ತಿರಲಿಲ್ಲ.

ಹೋದ ಶ್ರಾವಣದಲ್ಲಿ ಚಿಕ್ಕಮ್ಮನ ಮಗಳ ಮನೆಯಿಂದ ಬಸ್‌ಸ್ಟ್ಯಾಂಡಿಗೆ ಆಟೋ ಹಿಡಿಯಬಹುದಿತ್ತು. ಶಾಸ್ತ್ರ ಮುಗಿಸಿಕೊಂಡು ಮಧ್ಯಾಹ್ನ ವಾಪಸು ಬರುವಾಗ, ಕಾಲು ತಾನಾಗಿಯೇ ಪೇಟೆ ಕಡೆ ಹೋಯಿತು. ಜವಳಿ ಅಂಗಡಿಯ ಬೋರ್ಡು ಬದಲಾಗಿದೆ. ಚರಂಡಿಗೆ ಹೊಸ ಚಪ್ಪಡಿ ಹಾಕಿದ್ದಾರೆ. ಎದುರಿಗೆ, ರಸ್ತೆಯಿಂದ ಎರಡು ಮೆಟ್ಟಿಲು ಮೇಲೆ, ಒಂದು ಚಿಕ್ಕ ತಗಡಿನ ಅಂಗಡಿ. ಒಳಗೆ ಕರೆಂಟಿನ ಸಾಣೆಕಲ್ಲು ತಿರುಗುತ್ತಿತ್ತು, ಕಿಡಿ ಹಾರುತ್ತಿತ್ತು. ಸ್ಟೂಲಿನ ಮೇಲೆ ಮಾದೇವಣ್ಣ. ಗೋಡೆಗೆ ಊರುಗೋಲು ಒರಗಿತ್ತು.

ಹಿಂದಕ್ಕೆ ತಿರುಗಿಬಿಡಬೇಕು ಅಂದುಕೊಂಡೆ. ಅಷ್ಟರಲ್ಲಿ ರಸ್ತೆಯಲ್ಲಿ ಎರಡು ಟ್ರೈಲರ್ ಜೋಡಿಸಿದ ಟ್ರಾಕ್ಟರು ಬಂತು. ಅದರ ಹಿಂದೆ ಗ್ಯಾಸ್ ಸಿಲಿಂಡರು ಕಟ್ಟಿಕೊಂಡ ಒಬ್ಬ ಸೈಕಲ್ಲಿನವನು ಒಂದು ಕೈಯಲ್ಲಿ ಟ್ರೈಲರಿನ ಕೊಕ್ಕೆ ಹಿಡಿದಿದ್ದ. ಮಾದೇವಣ್ಣ ಮೋಟರು ನಿಲ್ಲಿಸಿ, ಊರುಗೋಲಿನಿಂದ ತಗಡಿಗೆ ಬಡಿದು ಕೂಗಿದರು.

"ಬುಡ್ಲಾ ಕೈಯ. ಇಲ್ ನೋಡು ನನ್ ಕಾಲ. ಇಂಗೇ ಇಡ್ಕಂಡು ಓದೋನು ನಾನು. ನಾಚ್ಕೆ ಇಲ್ದೆ ಇಡ್ಕಂಡೆ, ಕಾಲ್ ಕೊಟ್ಟೆ. ಬುಡು ಅಂದ್ರೆ ಬುಡು."

ಅವನು ಕೈ ಬಿಟ್ಟು ನಗುತ್ತಾ ತುಳಿದುಕೊಂಡು ಹೋದ. ಪಕ್ಕದ ಅಂಗಡಿಯವರು, ದಿನಾ ಕೇಳಿ ಸಾಕಾದವರ ಹಾಗೆ, ತಲೆಯೂ ಎತ್ತಲಿಲ್ಲ. ನನ್ನ ಸುಳ್ಳನ್ನು ಮಾದೇವಣ್ಣ ಎಂಟು ವರ್ಷದಿಂದ ಬೀದಿಗೆ ಪಾಠ ಹೇಳುತ್ತಿದ್ದರು. ತಮ್ಮ ಬಾಯಿಂದಲೇ, ತಮಗೆ ತಾವೇ ಉಗಿದುಕೊಂಡು.

ಅಂಗಡಿಯ ಮೆಟ್ಟಿಲು ಹತ್ತಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿ, "ಯಾರು, ಪೀಪಿ ಅಮ್ಮಾವ್ರಾ?" ಅಂತ ಹಣೆಗೆ ಕೈ ಇಟ್ಟರು. "ಬಾ ಕೂಸೇ, ಕುಂತ್ಕೋ. ಮಕ್ಕಳೆಷ್ಟು?"

ನಾನು ಕೂರಲಿಲ್ಲ. ಕೂತರೆ ಮಕ್ಕಳ ಮಾತಾಗುತ್ತದೆ, ಟೀ ಬರುತ್ತದೆ, ಹೇಳುವುದು ತಪ್ಪುತ್ತದೆ. "ಮಾದೇವಣ್ಣ, ನೀವು ಇಡ್ಕಂಡಿರ್ನಿಲ್ಲ" ಅಂದೆ.

"ಏನ?"

"ಅವತ್ತು ನೀವು ಕಂಬಿ ಇಡ್ಕಂಡಿರ್ನಿಲ್ಲ. ನಾನು ಬಸ್ಸಿಂದ ಇಳೀಲೇ ಇಲ್ಲ. ನೋಡ್ದೆ ಬೆಲ್ ಮಾಡ್ದೆ. ನಾನು ಇಳೀದೇ ಇದ್ದುದ್ದಕ್ಕೆ ಬಸ್ಸು ನೇರ ಓಯ್ತದೆ ಅಂದ್ಕಂಡು ನೀವು ಬಂದ್ರಿ. ಆಮೇಲೆ ಸುಳ್ ಯೋಳ್ದೆ. ಆಸ್ಪತ್ರೇಲೂ ಸುಳ್ಳೇ ಯೋಳ್ದೆ." ಜವಳಿ ಅಂಗಡಿಯ ಕಥೆಯನ್ನೂ ಹೇಳಿದೆ. ಯಾವುದನ್ನೂ ಬಿಡಲಿಲ್ಲ.

ಅವರು ಅರ್ಧ ಸಾಣೆಯಾಗಿದ್ದ ಈಳಿಗೆಮಣೆಯ ಅಲಗನ್ನು ಬೆರಳಿನಿಂದ ಒರೆಸುತ್ತಾ ಕೂತರು. ಬೈಯಲಿ, ಆ ಊರುಗೋಲಿನಿಂದ ಒಂದು ಕೊಡಲಿ ಅಂತ ಕಾದೆ.

"ಕಂಬಿ ಮುಟ್ಟೇ ಇರ್ನಿಲ್ವಾ?"

"ಇಲ್ಲ."

"ಒಂದ್ ಬೆಳ್ಳೂ ತಾಕಿರ್ನಿಲ್ವಾ?"

"ಇಲ್ಲ ಮಾದೇವಣ್ಣ. ನಾನು ಬಾಗಿಲಲ್ಲೇ ನಿಂತಿದ್ದೆ, ಕಂಬಿ ಮೇಲೆ ಯಾರ್ ಕೈಯೂ ಇರ್ನಿಲ್ಲ. ನಾನು ಇಳ್ದು ಬಂದಾಗ್ಲೂ ನಿಮ್ ಒಂದ್ ಕೈ ಹ್ಯಾಂಡಲ್ ಇಡ್ದೇ ಇತ್ತು, ಬುಡಿಸ್ಬೇಕಾಯ್ತು."

ಅವರು ತಮ್ಮ ಬಲಗೈ ಎತ್ತಿ ನೋಡಿಕೊಂಡರು. ಆಮೇಲೆ ಹಿಂದಕ್ಕೆ ತಿರುಗಿ, "ಚಿಕ್ತಾಯಿ, ಬಾ ಇಲ್ಲಿ" ಅಂತ ಕರೆದರು. ಅಂಗಡಿಯ ಹಿಂದಿನ ಗೋಡೆಗೇ ಅವರ ಈಗಿನ ಮನೆ. ಚಿಕ್ಕತಾಯಮ್ಮ ಹಿಟ್ಟಿನ ಕೈಯಲ್ಲೇ ಬಂದರು, ನನ್ನನ್ನು ನೋಡಿ ಮುಖ ಅರಳಿಸಿದರು. ಆ ಅರಳಿದ ಮುಖ ನೋಡಲು ನನ್ನಿಂದ ಆಗಲಿಲ್ಲ.

"ಯೋಳು. ಇವಳ ಮುಂದೆ ಇನ್ನೊಂದ್ ಸಲ ಯೋಳು" ಅಂದರು ಮಾದೇವಣ್ಣ.

ಮೊದಲನೆಯ ಸಲ ಹೇಳಿದ್ದು ಕಷ್ಟವಲ್ಲ. ಎರಡನೆಯ ಸಲದ್ದೇ ಕಷ್ಟ, ನೆಲ ನೋಡಿಕೊಂಡು ಹೇಳಿದೆ. ಚಿಕ್ಕತಾಯಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುವುದನ್ನೂ ಮರೆತು ನಿಂತರು. ಮುಗಿದ ಮೇಲೆ ಗಂಡನ ಕಡೆಗೇ ನೋಡಿ, "ದಿನಾ ಬೈದಿದ್ದೀನಲ್ಲ ನಾನು. ಉಣ್ಣಾಕಿಕ್ಕುವಾಗ್ಲೂ ಬೈದಿದ್ದೀನಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಅದನ್ನೆಲ್ಲ ಎಂಗವ್ವ ವಾಪಸ್ ತಗಳ್ಳಲಿ?" ಅಂತ ಕೇಳಿದರು. ಅವರು ನಿಜವಾಗಿಯೇ ಕೇಳಿದ್ದು.

"ತಪ್ಪಾಯ್ತು" ಅಂದೆ. ಎಷ್ಟು ಚಿಕ್ಕ ಮಾತು ಅದು. ಮಾದೇವಣ್ಣ ಅದನ್ನು ತೆಗೆದುಕೊಳ್ಳಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಗೋಡೆಯ ಗಡಿಯಾರ ನೋಡಿದರು. "ನಿಂಗೆ ಬಸ್ಸೆಷ್ಟೊತ್ತಿಗೆ?"

"ನಾಕೂವರೆಗೆ."

"ಅದು ಓಗ್ಲಿ. ಐದಕ್ಕೆ ಸೈಕಲ್ನೋರು ಬತ್ತಾರೆ. ಆಲಿನೋರು, ಕೂಲಿ ಬುಟ್ಟೋರು, ಎಲ್ಲಾ ಇದೇ ದಾರಿ. ಎಂಟು ವರ್ಸದಿಂದ ಅವ್ರಿಗೆ ನನ್ ಬಾಯಿಂದ ಯೋಳಿದ್ದೀನಿ. ಈಗ ನಿನ್ ಬಾಯಿಂದ ಯೋಳು." ಮತ್ತೆ ಅಂದರು, "ಅಂಗಂತ ಇಡ್ಕಬೌದು ಅನ್ಬೇಡ ಮತ್ತೆ. ಇಡ್ಕಂಡ್ರೆ ಕಾಲು ಓಯ್ತದೆ ಅನ್ನೋದು ಸುಳ್ಳಲ್ಲ. ಇಡ್ಕಂಡೋನು ನಾನಲ್ಲ, ಅಷ್ಟೇ."

ಸ್ಟೂಲು ಕೊಟ್ಟರು, ಕೂತೆ. ಟೀ ಬರಲಿಲ್ಲ, ನಾನು ನಿರೀಕ್ಷಿಸಲೂ ಇಲ್ಲ. ಮಾದೇವಣ್ಣ ಮತ್ತೆ ಮೋಟರು ಹಾಕಿ ಈಳಿಗೆಮಣೆಯನ್ನು ಮುಗಿಸಿದರು. ಗಂಡನಿಗೆ ಫೋನು ಮಾಡಿ ತಡವಾಗುತ್ತದೆ ಅಂದೆ. ಯಾಕೆ ಅಂತ ಕೇಳಿದ. ಬಂದು ಹೇಳುತ್ತೇನೆ ಅಂದೆ. ಬಂದು ಹೇಳಿದೆ ಕೂಡ. ಈಗ ಬರೆಯುತ್ತಿದ್ದೇನೆ.

ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ತಿರುವಿನ ಆಚೆ ಮೊದಲ ಸೈಕಲ್ಲಿನ ಬೆಲ್ ಕೇಳಿಸಿತು. ಹಾಲಿನ ಕ್ಯಾನುಗಳು, ಅದರ ಹಿಂದೆ ಇನ್ನೆರಡು ಸೈಕಲ್ಲು. ಮಾದೇವಣ್ಣ ಮೋಟರು ನಿಲ್ಲಿಸಿ ನನ್ನ ಕಡೆ ನೋಡಿದರು. ಸಣ್ಣಗೆ ಮಳೆ ಬೀಳುತ್ತಿತ್ತು, ರಸ್ತೆಯ ತುಂಬ ಕೆಸರು. ನಾನು ಸೀರೆ ಎತ್ತಿ ಕಟ್ಟಿಕೊಂಡು ಎರಡೂ ಮೆಟ್ಟಿಲು ಇಳಿದು, ರಸ್ತೆಗೆ ಹೋಗಿ, ಕೈ ಎತ್ತಿ ಅವರನ್ನು ನಿಲ್ಲಿಸಿದೆ.